ಜಾಂಡೂಯಾ ಕ್ರೊಸ್ತಾತೀನೆ: ಚಾಕೊಲೇಟ್–ಹೇಜಲ್‌ನಟ್ ಹೂರಣದ ಇಟಾಲಿಯನ್ ಪುಟ್ಟ ಟಾರ್ಟ್‌ಗಳು

ಬೆಣ್ಣೆ ಹಿಟ್ಟಿನ ಅಂಚು ಕಟ್ಟಿದ ತಟ್ಟೆ, ಅದರೊಳಗೆ ಹಣ್ಣಿನ ಜಾಮ್ ಅಥವಾ ಚಾಕೊಲೇಟ್, ಮೇಲೆ ಅದೇ ಹಿಟ್ಟಿನ ಪಟ್ಟಿಗಳ ಜಾಲರಿ. ಇಟಲಿಯ ಮನೆಗಳಲ್ಲಿ ಇದಕ್ಕೆ ಕ್ರೊಸ್ತಾತಾ ಎನ್ನುತ್ತಾರೆ. ಅದನ್ನೇ ಅಂಗೈಯಗಲದ ಅಚ್ಚುಗಳಲ್ಲಿ ಮಾಡಿದರೆ ಕ್ರೊಸ್ತಾತೀನೆ. ಮಾಡಿದವರು ಸಾಮಾನ್ಯವಾಗಿ ಎರಡು ದೂರು ಹೇಳುತ್ತಾರೆ: ತಟ್ಟೆ ಕಲ್ಲಿನಂತೆ ಗಟ್ಟಿಯಾಯಿತು, ಹೂರಣ ಒಣಗಿ ಬಿರುಕುಬಿಟ್ಟಿತು. ಎರಡಕ್ಕೂ ಮೂಲ ಒಂದೇ, ಬೇಡದ ಹೊತ್ತಿನಲ್ಲಿ ತಾಗಿದ ಬಿಸಿ. ಮೊದಲನೆಯದರಲ್ಲಿ ಬೆಣ್ಣೆ ಓವನ್‌ಗೆ ಹೋಗುವ ಮೊದಲೇ ಕೈಯ ಬಿಸಿಗೆ ಕರಗಿರುತ್ತದೆ. ಎರಡನೆಯದರಲ್ಲಿ ತಟ್ಟೆ ಬೇಯುವ ಮೊದಲೇ ಹೂರಣ ಬೆಂದುಹೋಗಿರುತ್ತದೆ. ಕೆಳಗಿನ ವಿಧಾನದ ಪ್ರತಿ ಹೆಜ್ಜೆಯೂ ಈ ಎರಡನ್ನು ತಡೆಯಲೆಂದೇ ಇದೆ.

ಚಾಕೊಲೇಟ್ ಮತ್ತು ಹೇಜಲ್‌ನಟ್‌ನ ಜೋಡಿ ಇಟಲಿಯ ವಾಯವ್ಯಕ್ಕಿರುವ ಪಿಯೆಮೊಂತೆ ಪ್ರಾಂತ್ಯದ್ದು. 1806ರಲ್ಲಿ ನೆಪೋಲಿಯನ್ ಬ್ರಿಟನ್ ವಿರುದ್ಧ ವ್ಯಾಪಾರ ದಿಗ್ಬಂಧನ ಹೇರಿದ ಮೇಲೆ ಕೋಕೋ ಸಿಗುವುದು ಕಷ್ಟವಾಗಿ, ಟುರಿನ್ ನಗರದ ಚಾಕೊಲೇಟ್ ತಯಾರಕರು ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಹೇಜಲ್‌ನಟ್ಟನ್ನು ಅರೆದು ಬೆರೆಸತೊಡಗಿದರು ಎಂದು ಅಲ್ಲಿ ಹೇಳುತ್ತಾರೆ. ಈ ಮಿಶ್ರಣಕ್ಕೆ ಬಂದ ಹೆಸರು ಜಾಂಡೂಯಾ, ಅದು ಪಿಯೆಮೊಂತೆಯ ಕಾರ್ನಿವಲ್ ಹಬ್ಬದ ವೇಷಧಾರಿಯ ಹೆಸರು. ಅದೇ ಪ್ರಾಂತ್ಯದ ಆಲ್ಬಾ ಊರಿನಲ್ಲಿ ಪಿಯೆತ್ರೊ ಫೆರೇರೊ 1946ರಲ್ಲಿ ಹೇಜಲ್‌ನಟ್ ಹೆಚ್ಚಿರುವ ಗಟ್ಟಿ ಅಚ್ಚೊಂದನ್ನು ಮಾರಾಟಕ್ಕೆ ತಂದರು. 1951ರಲ್ಲಿ ಅದು ಬ್ರೆಡ್ಡಿಗೆ ಸವರುವ ಹದಕ್ಕೆ ಬಂತು, 1964ರಲ್ಲಿ ನುಟೆಲ್ಲಾ ಆಯಿತು. ಲಾಂಗೆ ಗುಡ್ಡಗಳ ದುಂಡನೆಯ ಹೇಜಲ್‌ನಟ್ ತಳಿ ಇಂದಿಗೂ ಅಲ್ಲಿನವರ ಹೆಮ್ಮೆ. ಅದರ ಸಿಪ್ಪೆ ಹುರಿದಾಗ ಸುಲಭವಾಗಿ ಬಿಡುತ್ತದೆ, ಘಮವೂ ಹೆಚ್ಚು.

ಅಳತೆ

ಮೇಲ್ಭಾಗ 8 ಸೆಂ.ಮೀ., ತಳ 7 ಸೆಂ.ಮೀ., ಎತ್ತರ 2 ಸೆಂ.ಮೀ. ಇರುವ ಎಂಟು ಅಚ್ಚುಗಳಿಗೆ ಈ ಲೆಕ್ಕ. ಕಪ್ಪಿನ ಲೆಕ್ಕ ಇಲ್ಲಿ ಕೈಕೊಡುತ್ತದೆ, ಒಂದು ಗ್ರಾಮಿನವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಹಿಟ್ಟಿಗೆ:
ಮೈದಾ – 225 ಗ್ರಾಂ
ಕಾರ್ನ್‌ಫ್ಲೋರ್ – 25 ಗ್ರಾಂ
ಉಪ್ಪಿಲ್ಲದ ಬೆಣ್ಣೆ – 125 ಗ್ರಾಂ, ಫ್ರಿಜ್‌ನಿಂದ ತೆಗೆದು 10 ನಿಮಿಷವಾದದ್ದು
ಐಸಿಂಗ್ ಶುಗರ್ – 90 ಗ್ರಾಂ
ಮೊಟ್ಟೆ – ಒಡೆದು ತೂಗಿದಾಗ 50 ಗ್ರಾಂ, ತಣ್ಣಗಿರಲಿ
ಕಿತ್ತಳೆ ಅಥವಾ ನಿಂಬೆ ಸಿಪ್ಪೆಯ ತುರಿ – ಅರ್ಧ ಚಮಚ
ಉಪ್ಪು – ಒಂದು ಚಿಟಿಕೆ

ಹೂರಣಕ್ಕೆ:
ಸಿಪ್ಪೆ ಸಹಿತ ಹಸಿ ಹೇಜಲ್‌ನಟ್ – 180 ಗ್ರಾಂ (ಹುರಿದು ಸಿಪ್ಪೆ ತೆಗೆದ ಮೇಲೆ ಸುಮಾರು 160 ಗ್ರಾಂ ಉಳಿಯುತ್ತದೆ)
ಡಾರ್ಕ್ ಚಾಕೊಲೇಟ್, 55ರಿಂದ 60 ಶೇಕಡಾ ಕೋಕೋ ಇರುವುದು – 90 ಗ್ರಾಂ
ಐಸಿಂಗ್ ಶುಗರ್ – 60 ಗ್ರಾಂ
ಸಿಹಿ ಇಲ್ಲದ ಕೋಕೋ ಪುಡಿ – 10 ಗ್ರಾಂ
ವಾಸನೆ ಇಲ್ಲದ ಎಣ್ಣೆ (ಸೂರ್ಯಕಾಂತಿ ಸಾಕು) – 15 ಗ್ರಾಂ
ಉಪ್ಪು – ಒಂದು ಚಿಟಿಕೆ

ಸಾಮಗ್ರಿಗಳ ಬಗ್ಗೆ ಕೆಲವು ಮಾತು. ಇಟಲಿಯಲ್ಲಿ ಇದಕ್ಕೆ ಬಳಸುವುದು 'ಸೊನ್ನೆ ಸೊನ್ನೆ' ಗುರುತಿನ ನುಣುಪಾದ ಹಿಟ್ಟು, ಅದರಲ್ಲೂ ಪ್ರೋಟೀನ್ ಕಡಿಮೆ ಇರುವಂಥದ್ದು. ನಮ್ಮ ಮೈದಾದಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಸ್ವಲ್ಪ ಜಾಸ್ತಿ, ಹಾಗಾಗಿ ಹತ್ತರಲ್ಲಿ ಒಂದು ಪಾಲು ಕಾರ್ನ್‌ಫ್ಲೋರ್ ಸೇರಿಸಿ ಅದನ್ನು ಮೆದು ಮಾಡಿಕೊಳ್ಳುವುದು. ಕಾರ್ನ್‌ಫ್ಲೋರ್ ಎಂದರೆ ಬಿಳಿ ಪಿಷ್ಟದ ಪುಡಿ, ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಸಾಮಾನ್ಯ ಸಕ್ಕರೆ ಹಾಕಿದರೆ ಹರಳುಗಳು ಪೂರ್ತಿ ಕರಗದೆ ತಟ್ಟೆ ಒರಟಾಗುತ್ತದೆ, ಅಂಚಿನ ಆಕಾರವೂ ಕೆಡುತ್ತದೆ. ಮನೆಯಲ್ಲೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿದ ಸಕ್ಕರೆ ಆಗುತ್ತದೆ. ಬೇಕಿಂಗ್ ಪೌಡರ್ ಹಾಕುವ ಮನೆಗಳು ಇಟಲಿಯಲ್ಲೂ ಇವೆ, ಆದರೆ ಪುಟ್ಟ ಟಾರ್ಟ್‌ಗಳಿಗೆ ಬೇಡ: ಪಟ್ಟಿಗಳು ಉಬ್ಬಿ ಜಾಲರಿಯ ಅಂದ ಹೋಗುತ್ತದೆ.

ಚಾಕೊಲೇಟ್ ಕೊಳ್ಳುವಾಗ ಹೊದಿಕೆಯ ಹಿಂಭಾಗ ಓದಿ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 'ಕಾಂಪೌಂಡ್' ಗಟ್ಟಿಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಅದು ನಾಲಿಗೆಗೆ ಮೇಣದಂತೆ ಅಂಟುತ್ತದೆ, ಹೇಜಲ್‌ನಟ್‌ನ ಘಮವನ್ನು ಮುಚ್ಚಿಹಾಕುತ್ತದೆ. ಇಷ್ಟು ದುಬಾರಿ ಕಾಯಿ ತಂದು ಅದಕ್ಕೆ ಕಾಂಪೌಂಡ್ ಬೆರೆಸುವುದು ನಷ್ಟದ ವ್ಯವಹಾರ. ಹೇಜಲ್‌ನಟ್ ಕೊಳ್ಳುವಾಗ ಸಾಧ್ಯವಾದರೆ ಒಂದನ್ನು ಕಚ್ಚಿ ನೋಡಿ. ಅದರಲ್ಲಿ ಸುಮಾರು 60 ಶೇಕಡಾ ಕೊಬ್ಬು ಇರುವುದರಿಂದ ಹಳೆಯದಾದರೆ ಬೇಗ ಕನರು ಹಿಡಿಯುತ್ತದೆ, ಹುರಿದರೂ ಆ ರುಚಿ ಹೋಗುವುದಿಲ್ಲ.

ಹೂರಣ: ಹಿಂದಿನ ದಿನವೇ

ಓವನ್ನನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಹೇಜಲ್‌ನಟ್ಟನ್ನು ಟ್ರೇಯಲ್ಲಿ ಒಂದೇ ಪದರವಾಗಿ ಹರಡಿ 15ರಿಂದ 18 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಅಲುಗಾಡಿಸಿ. ಸಿಪ್ಪೆಯ ಬಣ್ಣ ನೋಡಿ ತೀರ್ಮಾನಿಸಬೇಡಿ, ಅದು ಮೊದಲಿನಿಂದಲೂ ಕಂದು. ಒಂದು ಕಾಯಿಯನ್ನು ಎರಡು ಹೋಳು ಮಾಡಿ: ಒಳಗೆ ಬೆಳ್ಳಗಿದ್ದರೆ ಇನ್ನೂ ಬೇಕು, ನಡುವಿನವರೆಗೂ ತಿಳಿಚಿನ್ನದ ಬಣ್ಣ ಬಂದಿದ್ದರೆ ಸಾಕು, ಕಂದಾಗಿದ್ದರೆ ಕಹಿ ಹತ್ತಿದೆ. ಬಾಣಲೆಯಲ್ಲೂ ಹುರಿಯಬಹುದು, ಆದರೆ ಹೊರಗೆ ಕರಿದಾಗಿ ಒಳಗೆ ಹಸಿ ಉಳಿಯುವ ಅಪಾಯವಿದೆ.

ಬಿಸಿಯಿರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ಎರಡು ನಿಮಿಷ ಬಿಟ್ಟು ಚೆನ್ನಾಗಿ ತಿಕ್ಕಿ. ಮುಕ್ಕಾಲು ಪಾಲು ಸಿಪ್ಪೆ ಹೋದರೆ ಸಾಕು. ಅಲ್ಲಲ್ಲಿ ಅಂಟಿಕೊಂಡದ್ದನ್ನು ಒಂದೊಂದಾಗಿ ಕೆರೆಯುತ್ತ ಕೂರಬೇಕಿಲ್ಲ, ಅಷ್ಟು ಒಗರು ಚಾಕೊಲೇಟ್ ಜೊತೆ ಹೊಂದಿಕೊಳ್ಳುತ್ತದೆ.

ಅರೆಯುವ ಕೆಲಸಕ್ಕೆ ನಮ್ಮ ಮಿಕ್ಸಿಯ ಚಟ್ನಿ ಜಾರ್ ಹೇಳಿ ಮಾಡಿಸಿದಂತಿದೆ. ಜಾರ್ ಒಣಗಿರಬೇಕು, ಮುಚ್ಚಳದ ರಬ್ಬರಿನ ಸಂದಿನಲ್ಲಿ ಕೂಡ ಒಂದು ಹನಿ ನೀರಿರಬಾರದು. ಕಾಯಿ ಉಗುರುಬೆಚ್ಚಗಿರುವಾಗ ಹಾಕಿ 30 ಸೆಕೆಂಡ್ ಓಡಿಸಿ, ಒಂದು ನಿಮಿಷ ನಿಲ್ಲಿಸಿ, ಗೋಡೆಗೆ ಹತ್ತಿದ್ದನ್ನು ಕೆಳಗೆ ಕೆರೆದು ಮತ್ತೆ ಓಡಿಸಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಒದ್ದೆ ಮರಳಿನಂತೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇಲ್ಲೇ ಹೆಚ್ಚಿನವರು 'ಆಗುತ್ತಿಲ್ಲ' ಎಂದು ನೀರೋ ಹಾಲೋ ಹಾಕಿ ಕೆಡಿಸಿಕೊಳ್ಳುವುದು. ತಾಳ್ಮೆಯಿಂದ ಇನ್ನೂ ಐದಾರು ಸಲ ಓಡಿಸಿದರೆ ಕಾಯಿ ತನ್ನ ಎಣ್ಣೆಯನ್ನು ಬಿಡುತ್ತದೆ, ಒಮ್ಮೆಲೇ ಸಡಿಲಾಗಿ ದೋಸೆ ಹಿಟ್ಟಿನಂತೆ ಹರಿಯತೊಡಗುತ್ತದೆ. ಆಗ 15 ಗ್ರಾಂ ಎಣ್ಣೆ, ಐಸಿಂಗ್ ಶುಗರ್, ಕೋಕೋ, ಉಪ್ಪು ಸೇರಿಸಿ ಇನ್ನೊಂದು ನಿಮಿಷ ಅರೆಯಿರಿ. ಕಾರ್ಖಾನೆಯ ರೋಲರುಗಳ ನಯ ಮಿಕ್ಸಿಗೆ ಬರುವುದಿಲ್ಲ. ತುಸು ತರಿ ಉಳಿಯುತ್ತದೆ, ಮನೆಯ ಹೂರಣಕ್ಕೆ ಅದು ದೋಷವೇನಲ್ಲ.

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ ಕರಗಿಸಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಮುಕ್ಕಾಲು ಕರಗುತ್ತಿದ್ದಂತೆ ಕೆಳಗಿಳಿಸಿ ಕೈಯಾಡಿಸಿದರೆ ಉಳಿದದ್ದು ತಾನೇ ಕರಗುತ್ತದೆ. ಅದನ್ನು ಹೇಜಲ್‌ನಟ್ ಪೇಸ್ಟಿಗೆ ಬೆರೆಸಿ. ಹೂರಣ ಇದ್ದಕ್ಕಿದ್ದಂತೆ ಗಟ್ಟಿ ಮುದ್ದೆಯಾದರೆ ಎಲ್ಲಿಂದಲೋ ನೀರು ಅಥವಾ ಆವಿ ಸೇರಿದೆ ಎಂದು ತಿಳಿಯಿರಿ. ಸಕ್ಕರೆ ಮತ್ತು ಕೋಕೋ ಆ ತೇವವನ್ನು ಹೀರಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದೊಂದೇ ಚಮಚ ಬೆಚ್ಚಗಿನ ಎಣ್ಣೆ ಹಾಕಿ ಕಲಸಿದರೆ ಸ್ವಲ್ಪ ಸಡಿಲಾಗುತ್ತದೆ, ಆದರೆ ಮೊದಲಿನ ಹೊಳಪು ಬರುವುದಿಲ್ಲ.

ಈಗ ಮುಖ್ಯ ಹೆಜ್ಜೆ. ಟ್ರೇಯಲ್ಲಿ ಬೇಕಿಂಗ್ ಪೇಪರ್ ಹಾಸಿ, ಅದರ ಮೇಲೆ 40 ಗ್ರಾಂನಂತೆ ಎಂಟು ಗುಪ್ಪೆ ಹಾಕಿ. ಪ್ರತಿಯೊಂದನ್ನೂ 6 ಸೆಂ.ಮೀ. ಅಗಲ, ಒಂದು ಸೆಂ.ಮೀ.ಗಿಂತ ತುಸು ದಪ್ಪದ ಬಿಲ್ಲೆಯಾಗಿ ಹರಡಿ. ತೀರ ತೆಳ್ಳಗಿದ್ದು ನಿಲ್ಲದಿದ್ದರೆ ಹತ್ತು ನಿಮಿಷ ಆರಲು ಬಿಟ್ಟು ಹರಡಿ. ಹಾಗೆಯೇ ಫ್ರೀಜರಿನಲ್ಲಿ ಕನಿಷ್ಠ ಎರಡು ಗಂಟೆ ಇಡಿ. ಹೆಪ್ಪುಗಟ್ಟಿದ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಬೇಯಿಸಿದಾಗ ಮೊದಲ ನಿಮಿಷಗಳ ಬಿಸಿಯೆಲ್ಲ ಅದರ ತಣಿಪು ಕಳೆಯುವುದಕ್ಕೇ ಖರ್ಚಾಗುತ್ತದೆ. ಅಷ್ಟರಲ್ಲಿ ಸುತ್ತಲಿನ ತಟ್ಟೆ ಬೆಂದಿರುತ್ತದೆ, ಹೂರಣ ಕರಗಿರುತ್ತದೆಯೇ ಹೊರತು ಸುಟ್ಟಿರುವುದಿಲ್ಲ.

ಬಾಟಲಿಯ ಹೇಜಲ್‌ನಟ್ ಸ್ಪ್ರೆಡ್ ಬಳಸುವವರಿಗೂ ಇದೇ ಉಪಾಯ. ಹಾಗೇ ಸುರಿದು ಬೇಯಿಸಿದರೆ ಅದರಲ್ಲಿರುವ ಸಕ್ಕರೆ ಮತ್ತು ಹಾಲಿನ ಪುಡಿ ಮೇಲ್ಭಾಗದಲ್ಲಿ ಸೀದು, ಎಣ್ಣೆ ಕೆಳಗಿನ ಹಿಟ್ಟಿಗೆ ಇಳಿದು, ಬಾಯಲ್ಲಿ ಒಣಮಣ್ಣಿನಂತಾಗುತ್ತದೆ. 260 ಗ್ರಾಂ ಸ್ಪ್ರೆಡ್‌ಗೆ 60 ಗ್ರಾಂ ಅರೆದ ಹೇಜಲ್‌ನಟ್ ಬೆರೆಸಿ ಬಿಲ್ಲೆ ಮಾಡಿ. ಅತಿ ಸಿಹಿಯೂ ತಗ್ಗುತ್ತದೆ.

ಹಿಟ್ಟು: ನಾದುವ ಅಭ್ಯಾಸ ಬಿಟ್ಟು

ಈ ಹಿಟ್ಟಿಗೆ ಇಟಾಲಿಯನ್ನರ ಹೆಸರು ಪಾಸ್ತಾ ಫ್ರೊಲ್ಲಾ. 'ಫ್ರೊಲ್ಲಾ' ಎಂದರೆ ಮೆದು, ಸುಲಭವಾಗಿ ಉದುರುವಂಥದ್ದು. ಹೋಳಿಗೆಯ ಕಣಕವನ್ನು ನಾವು ಮಿದ್ದು ಮಿದ್ದು, ಎಣ್ಣೆಯಲ್ಲಿ ನೆನೆಸಿ, ಎಳೆದರೂ ಹರಿಯದ ಹದಕ್ಕೆ ತರುತ್ತೇವೆ. ಫ್ರೊಲ್ಲಾ ಅದಕ್ಕೆ ನೇರ ವಿರುದ್ಧ: ಎಳೆದರೆ ಮುರಿಯಬೇಕು. ನಾದಿದಷ್ಟೂ ಗ್ಲೂಟನ್, ಅಂದರೆ ಹಿಟ್ಟಿನ ಪ್ರೋಟೀನಿನ ಅಂಟು, ಎಳೆ ಕಟ್ಟಿ ತಟ್ಟೆ ಗಟ್ಟಿಯಾಗುತ್ತದೆ, ಓವನ್‌ನಲ್ಲಿ ಕುಗ್ಗಿ ಅಂಚು ಜಾರುತ್ತದೆ. ಚಪಾತಿ ಹಿಟ್ಟು ಕಲಸಿ ಪಳಗಿದ ಕೈಗೆ ಇದು ನಿಜಕ್ಕೂ ಕಷ್ಟದ ಪಾಠ.

ಮೈದಾ, ಕಾರ್ನ್‌ಫ್ಲೋರ್, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಬೆಣ್ಣೆಯನ್ನು ಒಂದು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಹಾಕಿ, ಬೆರಳ ತುದಿಯಲ್ಲಷ್ಟೇ ಹಿಟ್ಟಿನೊಂದಿಗೆ ಉಜ್ಜಿ. ಅಂಗೈ ಬಳಸಬೇಡಿ, ಅದರ ಬಿಸಿ ಹೆಚ್ಚು. ಮೂರ್ನಾಲ್ಕು ನಿಮಿಷದಲ್ಲಿ ಎಲ್ಲವೂ ಬಾಂಬೆ ರವೆಯ ಹದಕ್ಕೆ ಬರುತ್ತದೆ. ಇಟಾಲಿಯನ್ನಿನಲ್ಲಿ ಇದಕ್ಕೆ ಸಬ್ಬಿಯಾತೂರಾ, ಅಂದರೆ ಮರಳಾಗಿಸುವುದು, ಎನ್ನುತ್ತಾರೆ. ನಿಪ್ಪಟ್ಟಿನ ಹಿಟ್ಟಿಗೆ ಕಾದ ಎಣ್ಣೆ ಹಾಕಿ ತಿಕ್ಕುವುದರ ಹಿಂದಿನ ತತ್ವವೇ ಇದು: ಕೊಬ್ಬು ಹಿಟ್ಟಿನ ಕಣಗಳನ್ನು ಮೊದಲೇ ಸುತ್ತಿಕೊಂಡರೆ ಆಮೇಲೆ ಬರುವ ನೀರು ಒಳಗೆ ಸುಲಭವಾಗಿ ಇಳಿಯುವುದಿಲ್ಲ, ತಿನಿಸು ಗರಿಯಾಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಕೊಬ್ಬು ಬಿಸಿ, ಇಲ್ಲಿ ತಣ್ಣಗೆ.

ಐಸಿಂಗ್ ಶುಗರ್ ಮತ್ತು ಸಿಪ್ಪೆಯ ತುರಿ ಬೆರೆಸಿ. ನಮ್ಮ ನಿಂಬೆಯ ಸಿಪ್ಪೆ ಬಹಳ ತೆಳು, ತುರಿಯುವಾಗ ಬಿಳಿ ಭಾಗ ಬಂದರೆ ಕಹಿಯಾಗುತ್ತದೆ. ಕಿತ್ತಳೆ ಈ ಹೂರಣಕ್ಕೆ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ನಡುವೆ ಗುಳಿ ಮಾಡಿ, ಕದಡಿದ ತಣ್ಣನೆಯ ಮೊಟ್ಟೆ ಸುರಿದು ಫೋರ್ಕಿನಿಂದ ಕಲಸಿ. ಉಂಡೆಕಟ್ಟುವ ಸೂಚನೆ ಕಂಡ ಕೂಡಲೇ ಮಣೆಗೆ ಹಾಕಿ, ಒತ್ತಿ ಒಟ್ಟುಗೂಡಿಸಿ, 2 ಸೆಂ.ಮೀ. ದಪ್ಪದ ಚಪ್ಪಟೆ ಬಿಲ್ಲೆ ಮಾಡಿ. ಹಿಟ್ಟು ಪೂರ್ತಿ ನಯವಾಗುವ ತನಕ ಕಾಯಬೇಡಿ, ಅಲ್ಲಲ್ಲಿ ಬೆಣ್ಣೆಯ ಸಣ್ಣ ಚುಕ್ಕೆ ಕಂಡರೆ ಸರಿಯಾಗಿಯೇ ಇದೆ. ಸುತ್ತಿ ಫ್ರಿಜ್‌ನಲ್ಲಿಡಿ. ಕನಿಷ್ಠ ಒಂದು ಗಂಟೆ ಬೇಕು, ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು. ಚಪ್ಪಟೆ ಮಾಡುವುದು ನೋಟಕ್ಕಲ್ಲ. ಉಂಡೆಯ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು.

ಸೆಕೆಗಾಲದಲ್ಲಿ, ಅದರಲ್ಲೂ ಕರಾವಳಿಯ ಅಡುಗೆಮನೆಯಲ್ಲಿ, ಮೈದಾ ಮತ್ತು ಪಾತ್ರೆಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹಾಗಿದ್ದೂ ಕೆಲವೊಮ್ಮೆ ಬೆಣ್ಣೆ ಕರಗಿ, ಹಿಟ್ಟು ಜಿಡ್ಡುಜಿಡ್ಡಾಗಿ ಒಂದಕ್ಕೊಂದು ಹಿಡಿಯದೆ ಪುಡಿಪುಡಿಯಾಗುತ್ತದೆ. ಇಟಾಲಿಯನ್ನರು ಇದನ್ನು 'ಹುಚ್ಚು ಹಿಡಿದ ಫ್ರೊಲ್ಲಾ' ಎನ್ನುತ್ತಾರೆ. ಇನ್ನಷ್ಟು ಮೈದಾ ಉದುರಿಸುವುದು ತಪ್ಪು ಮದ್ದು. ಇಪ್ಪತ್ತು ನಿಮಿಷ ತಣಿಸಿ, ಒಂದು ಚಮಚ ಐಸ್ ನೀರು ಅಥವಾ ತಣ್ಣನೆಯ ಮೊಟ್ಟೆಯ ಬಿಳಿ ಹಾಕಿ ಬೇಗನೆ ಒಟ್ಟುಗೂಡಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ.

ಮೊಟ್ಟೆ ತಿನ್ನದ ಮನೆಗಳಲ್ಲಿ ಬೆಣ್ಣೆಯನ್ನು 140 ಗ್ರಾಂಗೆ ಏರಿಸಿ, ಮೊಟ್ಟೆಯ ಬದಲು 30 ಮಿ.ಲೀ. ತಣ್ಣನೆಯ ಹಾಲು ಹಾಕಿ. ಕೂಡಿಕೊಳ್ಳದಿದ್ದರೆ ಇನ್ನೊಂದು ಚಮಚ. ಹಾಲು ಹೆಚ್ಚಾದರೆ ತಟ್ಟೆ ಗಟ್ಟಿ. ಮೊಟ್ಟೆಯ ಬಂಧ ಇಲ್ಲದ್ದರಿಂದ ಅಚ್ಚಿನಿಂದ ತೆಗೆಯುವಾಗ ಹೆಚ್ಚು ಎಚ್ಚರ ಬೇಕು, ರುಚಿಯಲ್ಲಿ ಕೊರತೆಯಿಲ್ಲ.

ಅಚ್ಚಿಗೆ ತುಂಬುವುದು

ಹಿಟ್ಟನ್ನು ಹೊರತೆಗೆದು ಐದು ನಿಮಿಷ ಬಿಡಿ. ತೀರ ತಣ್ಣಗಿದ್ದರೆ ಲಟ್ಟಿಸುವಾಗ ಅಂಚು ಸೀಳುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಹೀಗೆ ಮಾಡಿದರೆ ಮೇಲೆ ಉದುರಿಸಲು ಹಿಟ್ಟು ಬೇಕಾಗುವುದಿಲ್ಲ. ಲಟ್ಟಿಸಲು ಬಟರ್ ಪೇಪರ್ ಸಾಕು, ಆದರೆ ಎಲ್ಲ ಬಟರ್ ಪೇಪರ್ ಓವನ್ ಬಿಸಿ ತಡೆಯುವುದಿಲ್ಲ, ಒಳಗಿಡುವುದಕ್ಕೆ ಬೇಕಿಂಗ್ ಪೇಪರನ್ನೇ ಬಳಸಿ.

11.5 ಸೆಂ.ಮೀ. ಅಗಲದ ಡಬ್ಬಿಯ ಮುಚ್ಚಳದಿಂದ ಎಂಟು ಬಿಲ್ಲೆ ಕತ್ತರಿಸಿ. ಅಚ್ಚಿಗೆ ತೆಳುವಾಗಿ ಬೆಣ್ಣೆ ಸವರಿ, ಬಿಲ್ಲೆಯನ್ನು ಒಳಗೆ ಬಿಟ್ಟು ಮೂಲೆಗೆ ಕೂರುವಂತೆ ಮೆಲ್ಲನೆ ಇಳಿಸಿ. ಎಳೆದು ಹಿಗ್ಗಿಸಿದರೆ ಎಷ್ಟು ಎಳೆದಿರೋ ಅಷ್ಟನ್ನು ಓವನ್‌ನಲ್ಲಿ ಅದು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅಂಚಿನ ಹೆಚ್ಚುವರಿಯನ್ನು ಚಾಕುವಿನಿಂದ ತೆಗೆಯಿರಿ. ತಳ ಬಿಡುವ ಅಚ್ಚು ಇಲ್ಲದಿದ್ದರೆ ಹಿಟ್ಟು ಹಾಕುವ ಮೊದಲು ಎರಡು ಬೆರಳಗಲದ ಕಾಗದದ ಪಟ್ಟಿಯೊಂದನ್ನು ಅಡ್ಡಲಾಗಿ ಹಾಸಿ, ತುದಿಗಳು ಹೊರಗಿರಲಿ. ಬೆಂದ ಮೇಲೆ ಎತ್ತಲು ಅದೇ ಹಿಡಿಕೆ.

ಉಳಿದ ಹಿಟ್ಟನ್ನು ಮತ್ತೆ ಲಟ್ಟಿಸಿ 8 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ. ಒಂದಕ್ಕೆ ಆರು ಪಟ್ಟಿ, ಅಂದರೆ ಒಟ್ಟು 48. ಪಟ್ಟಿಗಳನ್ನೂ ತುಂಬಿದ ಅಚ್ಚುಗಳನ್ನೂ 20 ನಿಮಿಷ ಫ್ರೀಜರಿಗೆ ಹಾಕಿ. ನಂತರ ಹೂರಣದ ಬಿಲ್ಲೆ ಇಟ್ಟು, ಮೂರು ಪಟ್ಟಿ ಒಂದು ದಿಕ್ಕಿಗೆ, ಮೂರು ಓರೆಯಾಗಿ ಅದರ ಮೇಲೆ ಇಟ್ಟು, ತುದಿಗಳನ್ನು ಅಂಚಿಗೆ ಒತ್ತಿ. ಚಾಪೆಯಂತೆ ಹೆಣೆಯಬೇಕಿಲ್ಲ. ಇಟಲಿಯ ಮನೆಗಳಲ್ಲೂ ಒಂದರ ಮೇಲೊಂದು ಇಡುವುದೇ ಸಾಮಾನ್ಯ.

ಬೇಯಿಸುವುದು

ಓವನ್ನನ್ನು 180 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ಸರಳು ಉರಿಯುವಂತೆ, 20 ನಿಮಿಷ ಕಾಯಿಸಿ. ಫ್ಯಾನ್ ಇದ್ದರೆ 165 ಸಾಕು. ಟ್ರೇಯನ್ನು ಒಳಗೇ ಇಟ್ಟು ಕಾಯಿಸಿ, ಅಚ್ಚುಗಳನ್ನು ಆ ಬಿಸಿ ಟ್ರೇಯ ಮೇಲೆ, ಕೆಳಗಿನ ಮೂರನೇ ಒಂದು ಭಾಗದ ಎತ್ತರದಲ್ಲಿಡಿ. ತಳಕ್ಕೆ ತಕ್ಷಣ ಬಿಸಿ ತಾಗುತ್ತದೆ. ಜಾಮ್ ಕ್ರೊಸ್ತಾತಾದಲ್ಲಿ ತೇವ ತಳಕ್ಕಿಳಿದು ಅದು ಮೆತ್ತಗಾಗುವ ಭಯ ಇದೆ. ಇಲ್ಲಿ ಹೂರಣದಲ್ಲಿ ನೀರೇ ಇಲ್ಲ, ಹಾಗಾಗಿ ತಟ್ಟೆಯನ್ನು ಮೊದಲೇ ಬರಿದಾಗಿ ಬೇಯಿಸುವ ಅಗತ್ಯವಿಲ್ಲ.

20ರಿಂದ 24 ನಿಮಿಷ. ಮೊದಲ 15 ನಿಮಿಷ ಬಾಗಿಲು ತೆಗೆಯಬೇಡಿ. ಅಂಚು ಚಿನ್ನದ ಬಣ್ಣಕ್ಕೆ ತಿರುಗಿ ಅಚ್ಚಿನಿಂದ ಕೂದಲೆಳೆಯಷ್ಟು ಬಿಟ್ಟಿದ್ದರೆ ಬೆಂದಿದೆ. ಪಟ್ಟಿ ಕೆಂಪಾಗಿ ಅಂಚು ಇನ್ನೂ ಬೆಳ್ಳಗಿದ್ದರೆ ಮೇಲಿನ ಬಿಸಿ ಹೆಚ್ಚಾಗಿದೆ. ಮೇಲೆ ಫಾಯಿಲ್ ಹೊದಿಸಿ, ಒಂದು ಹಂತ ಕೆಳಗಿಡಿ. ಒಟಿಜಿಗಳ (ಮೇಜಿನ ಮೇಲಿಡುವ ಪುಟ್ಟ ವಿದ್ಯುತ್ ಓವನ್‌ಗಳ) ಗುಂಡಿ ತೋರಿಸುವ ಉಷ್ಣತೆಗೂ ಒಳಗಿನದ್ದಕ್ಕೂ 15–20 ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ, ಒಳಗಿಡುವ ಥರ್ಮಾಮೀಟರ್ ಒಂದಿದ್ದರೆ ಅನುಮಾನವೇ ಇಲ್ಲ. ಮೈಕ್ರೊವೇವ್ ಓವನ್ ಆದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ ಲೋಹದ ಅಚ್ಚು ಇಡಿ.

ಹೊರತೆಗೆದಾಗ ತಟ್ಟೆ ಮುಟ್ಟಿದರೆ ಮುರಿಯುವಷ್ಟು ಮೆತ್ತಗಿರುತ್ತದೆ, ಹೂರಣ ಗುಳುಗುಳು ಅಲುಗುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗೆ ತಳ್ಳಬೇಡಿ. ಹೂರಣ ಒಣಗುವುದು ಹೆಚ್ಚಾಗಿ ಈ ಕೊನೆಯ ಐದು ನಿಮಿಷದ ಅತಿಯಾಸೆಯಿಂದಲೇ. 15 ನಿಮಿಷ ಅಚ್ಚಿನಲ್ಲೇ ಆರಿಸಿ, ಆಮೇಲೆ ತೆಗೆದು ಜಾಲಿಯ ಮೇಲಿಡಿ. ಪೂರ್ತಿ ಹದಕ್ಕೆ ಬರಲು ಎರಡು ಗಂಟೆ ಬೇಕು. ತುಸು ಬೆಚ್ಚಗಿರುವಾಗ ತಿಂದರೆ ಬೆಣ್ಣೆಯಷ್ಟೇ ಮುಂದೆ ನಿಲ್ಲುತ್ತದೆ. ಆರಿದ ಮೇಲೆ ಹೇಜಲ್‌ನಟ್ ಮಾತಾಡುತ್ತದೆ.

ಜಾಲರಿ ಬೇಡ, ಹೂರಣ ಕೆನೆಯಷ್ಟೇ ಮೃದುವಾಗಿರಬೇಕು ಎನ್ನುವವರು ತಟ್ಟೆಗಳನ್ನು ಖಾಲಿಯಾಗಿ ಬೇಯಿಸಿ. ಒಳಗೆ ಕಾಗದ ಹಾಕಿ ಒಣ ರಾಜ್ಮಾ ತುಂಬಿ 180ರಲ್ಲಿ 15 ನಿಮಿಷ, ಕಾಳು ತೆಗೆದು ಇನ್ನೂ 7–8 ನಿಮಿಷ. ಪೂರ್ತಿ ಆರಿದ ಮೇಲೆ, ಫ್ರೀಜರಿಗೆ ಹೋಗದ ಹೂರಣವನ್ನು ಉಗುರುಬೆಚ್ಚಗಿರುವಾಗ ಸುರಿದು, ಹುರಿದ ಹೇಜಲ್‌ನಟ್ ಚೂರು ಉದುರಿಸಿ. ಆ ಕಾಳನ್ನು ಸಾರಿಗೆ ಹಾಕಲಾಗದು, ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೂ ಬರುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿ ಮೂರರಿಂದ ನಾಲ್ಕು ದಿನ ಹೊರಗೇ ಚೆನ್ನಾಗಿರುತ್ತವೆ, ಎರಡನೆಯ ದಿನ ರುಚಿ ಉತ್ತುಂಗದಲ್ಲಿರುತ್ತದೆ. ಮಳೆಗಾಲದಲ್ಲಿ ತಟ್ಟೆ ತೇವ ಹೀರಿ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ ಆರಿಸಿ. ಫ್ರಿಜ್‌ನಲ್ಲಿಟ್ಟರೆ ಹೂರಣ ಕಲ್ಲಾಗುತ್ತದೆ, ತಿನ್ನುವ ಅರ್ಧ ಗಂಟೆ ಮೊದಲು ಹೊರಗಿಡಬೇಕು. ಬೇಯಿಸದೆ, ಹೂರಣ ತುಂಬಿ ಜಾಲರಿ ಹಾಕಿದ ಅಚ್ಚುಗಳನ್ನು ಭದ್ರವಾಗಿ ಸುತ್ತಿ ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು. ಬೇಕಾದಾಗ ಕರಗಿಸದೆ ನೇರವಾಗಿ ಓವನ್‌ಗೆ ಹಾಕಿ, ಸಮಯಕ್ಕೆ ಐದು ನಿಮಿಷ ಸೇರಿಸಿ. ಮಿಕ್ಕ ಹಿಟ್ಟಿನ ಚೂರುಗಳನ್ನು ಒತ್ತಿ ಬಿಸ್ಕತ್ತಿನಂತೆ ಕತ್ತರಿಸಿ, ಅದೇ ಓವನ್‌ನಲ್ಲಿ 10–12 ನಿಮಿಷ ಬೇಯಿಸಿ, ಮಿಕ್ಸಿ ಜಾರಿನ ಗೋಡೆಗೆ ಅಂಟಿ ಉಳಿದ ಹೂರಣವನ್ನು ಕೆರೆದು ಎರಡರ ನಡುವೆ ಸವರಿ.